ತಾರಸಿ ತೋಟ: ಬಳಸುವ ಮುನ್ನ ಓದಿ



ಮನೆಯ ತಾರಸಿಯ ಮೇಲೆ ತರಕಾರಿ, ಸೊಪ್ಪು ಬೆಳೆದು ಪೌಷ್ಟಿಕ ಆಹಾರ ಉಣ್ಣುವ ತೀರ್ಮಾನಕ್ಕೆ ಬಂದಿದ್ದೀರಿ. ಅಭಿನಂದನೆಗಳು. ಈ ತೀರ್ಮಾನ ಸಾಮಾನ್ಯವಾಗಿ ಮೂರು ಸಂದರ್ಭಗಳಲ್ಲಿ ಆಗುತ್ತದೆ. ಒಂದು, ರಕ್ತಪರೀಕ್ಷೆಯ ವರದಿ ಕೈಗೆ ಬಂದ ಸಂಜೆ. ಎರಡು, ಪಕ್ಕದ ಮನೆಯವರು ತಮ್ಮ ತೋಟದ್ದೆಂದು ನಾಲ್ಕು ಬದನೆಕಾಯಿ ಕೊಟ್ಟು, ಅದರ ಬಗ್ಗೆ ನಲವತ್ತು ನಿಮಿಷ ಮಾತಾಡಿದ ಮೇಲೆ. ಮೂರು, 2023ರ ಜುಲೈನಲ್ಲಿ ಆದ ಹಾಗೆ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ.

ಈ ಕೈಪಿಡಿ ಬರೆದವನು ಮೂರನೆಯ ವರ್ಗದವನು. ಜುಲೈನಲ್ಲಿ ಬೀಜ ಹಾಕಿದೆ. ಟೊಮೆಟೊ ಸಸಿ ನಾಟಿಗೆ ಬರಲು ನಾಲ್ಕು ವಾರ, ನಾಟಿಯಾದ ಮೇಲೆ ಹಣ್ಣಿಗೆ ಎರಡು ತಿಂಗಳು. ನನ್ನ ಮೊದಲ ಹಣ್ಣು ಕೆಂಪಾಗುವ ಹೊತ್ತಿಗೆ ಮಾರುಕಟ್ಟೆಯಲ್ಲಿ ಟೊಮೆಟೊವನ್ನು ಕೇಳುವವರಿರಲಿಲ್ಲ. ಆದ್ದರಿಂದ ಮೊದಲ ಸೂಚನೆ: ತರಕಾರಿಯ ಬೆಲೆ ನೋಡಿ ತೋಟ ಶುರು ಮಾಡಬೇಡಿ. ಗಿಡಗಳು ಪೇಪರ್ ಓದುವುದಿಲ್ಲ.

ಪೆಟ್ಟಿಗೆಯಲ್ಲಿ ಏನೇನಿರಬೇಕು

ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಗ್ರೋ ಬ್ಯಾಗ್: 12. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ (ನರ್ಸರಿಯವರ ಭಾಷೆಯಲ್ಲಿ ಕೋಕೋಪೀಟ್): ಮೂರೂ ಸಮಪಾಲು. ಬೇವಿನ ಹಿಂಡಿ: ಚೀಲಕ್ಕೆ ಒಂದು ಹಿಡಿ. ಬೇವಿನ ಎಣ್ಣೆ: ಒಂದು ಸಣ್ಣ ಬಾಟಲಿ. ಕೈಗವಸು: ಒಂದು ಜೊತೆ. ಮೊದಲ ದಿನ ಫೋಟೊ ತೆಗೆಸಿಕೊಳ್ಳಲು ಇದು ಅಗತ್ಯ. ಎರಡನೆಯ ದಿನದಿಂದ ಸಿಗುವುದಿಲ್ಲ.

ತಾರಸಿಯ ಮೂಲೆಯಲ್ಲಿ ಒಂದು ಒಡೆದ ಬಕೆಟ್ಟು ಇದ್ದೇ ಇರುತ್ತದೆ. ಚೀಲ ತುಂಬಿ ಉಳಿದ ಮಣ್ಣನ್ನು ಅದಕ್ಕೆ ಸುರಿದು ಮರೆತುಬಿಡಿ. ಅದು ಈ ತೋಟದ ಭಾಗವಲ್ಲ.

ಹಂತ 1: ಜಾಗ ಗುರುತಿಸುವುದು

ಟೊಮೆಟೊ, ಬದನೆ, ಬೆಂಡೆ, ಮೆಣಸಿನಕಾಯಿಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ ನಾಲ್ಕು ಗಂಟೆ ಸಾಕು. ನಿಮ್ಮ ತಾರಸಿಯಲ್ಲಿ ಆರು ಗಂಟೆ ಬಿಸಿಲು ಬೀಳುವ ಜಾಗ ಯಾವುದೆಂದು ತಿಳಿಯಲು ಯಾವ ಉಪಕರಣವೂ ಬೇಡ. ಎಲ್ಲಿ ಬಟ್ಟೆ ಒಣಹಾಕುವ ತಂತಿ ಇದೆಯೋ ಅದೇ ಜಾಗ. ತಂತಿ ಸರಿಸುವ ಮಾತುಕತೆಗೆ ಎರಡು ವಾರ ಮೀಸಲಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ಮಾತುಕತೆ ಬೇಡವೇ ಬೇಡ. ಆ ಜಾಗ ಆಗ ಸಂಡಿಗೆ, ಹಪ್ಪಳದ ಸುಪರ್ದಿಯಲ್ಲಿರುತ್ತದೆ.

ಎಚ್ಚರಿಕೆ: ನೀರು ಕುಡಿದ ಒಂದು ಚೀಲ ಇಪ್ಪತ್ತು ಕಿಲೋ ದಾಟುತ್ತದೆ. ಹನ್ನೆರಡು ಚೀಲವೆಂದರೆ ಸುಮಾರು ಕಾಲು ಟನ್. ಅವನ್ನು ತಾರಸಿಯ ನಟ್ಟನಡುವೆ ಗುಂಪು ಕೂರಿಸದೆ, ಕೆಳಗಿನ ಗೋಡೆ, ತೊಲೆಗಳ ನೇರಕ್ಕೆ ಸಾಲಾಗಿ ಇಡಿ. ಅಡಿಗೆ ಎರಡೆರಡು ಇಟ್ಟಿಗೆ ಕೊಡಿ, ನೀರು ಹರಿದುಹೋಗಲಿ. ಬಾಡಿಗೆ ಮನೆಯಾದರೆ ಮಾಲೀಕರು ಮೇಲೆ ಹತ್ತಿ ಬರುವ ಮುಂಚೆಯೇ ಮೊದಲ ಕಟ್ಟು ಸೊಪ್ಪನ್ನು ಅವರ ಮನೆಗೆ ಮುಟ್ಟಿಸಿ. ತಾರಸಿ ಸೋರುತ್ತದೆಂದು ಕೂಗಾಡಬೇಕೆಂದಿದ್ದವರೂ ಸೊಪ್ಪು ಕೈಯಲ್ಲಿ ಹಿಡಿದಾಗ ಸ್ವಲ್ಪ ಮೆತ್ತಗೆ ಮಾತಾಡುತ್ತಾರೆ.

ಹಂತ 2: ಮಣ್ಣಿನ ಹದ

ಕಲಸಿದ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿಯಿರಿ. ಬಿಟ್ಟಾಗ ಉಂಡೆ ನಿಲ್ಲಬೇಕು. ಹೆಬ್ಬೆರಳಿನಲ್ಲಿ ತಟ್ಟಿದರೆ ಉದುರಬೇಕು. ತಂಬಿಟ್ಟಿನ ಹದ. ಚಪಾತಿ ಹಿಟ್ಟಿನಂತೆ ಅಂಟಿಕೊಂಡರೆ ಬೇರಿಗೆ ಉಸಿರಾಡಲು ಜಾಗವಿಲ್ಲ, ನಾರಿನ ಪುಡಿ ಸೇರಿಸಿ. ರವೆಯಂತೆ ಜಾರಿದರೆ ಗೊಬ್ಬರ ಸೇರಿಸಿ. ಹಸಿ ಸಗಣಿಯನ್ನು ನೇರವಾಗಿ ಹಾಕಬೇಡಿ. ಅದು ಕೊಳೆಯುವಾಗ ಹುಟ್ಟುವ ಕಾವಿಗೆ ಎಳೆ ಬೇರು ಸುಡುತ್ತದೆ.

ಅಡುಗೆಮನೆಯ ಕಸದಿಂದ ಗೊಬ್ಬರ ಮಾಡುವ ಆಸೆಯಿದ್ದರೆ, ಹಸಿ ಕಸ ಒಂದು ಪಾಲಿಗೆ ಒಣ ಎಲೆ ಎರಡು ಪಾಲು ಹಾಕಿ, ವಾರಕ್ಕೆರಡು ಸಲ ತಿರುವಿ. ವಾಸನೆ ಬಂದರೆ ಒಣ ಎಲೆ ಹೆಚ್ಚಿಸಿ. ಪಕ್ಕದ ಮನೆಯವರು ಬಂದರೆ ಕಾಫಿ ಕೊಡಿ.

ಹಂತ 3: ಬಿತ್ತನೆ

ಮೆಂತ್ಯದ ಬೀಜಕ್ಕೆ ಅಂಗಡಿಗೆ ಹೋಗಬೇಡಿ, ಸಾಂಬಾರ ಡಬ್ಬಿ ತೆರೆಯಿರಿ. ರಾತ್ರಿ ನೆನೆಹಾಕಿ ಬೆಳಿಗ್ಗೆ ಚೆಲ್ಲಿದರೆ ಮೂರ್ನಾಲ್ಕು ದಿನಕ್ಕೆ ಮೊಳಕೆ, ತಿಂಗಳೊಳಗೆ ಸೊಪ್ಪು. ಜೀವನದಲ್ಲಿ ಸೋತವರಿಗೆ, ಪರೀಕ್ಷೆಯಲ್ಲಿ ಫೇಲಾದವರಿಗೆ ಮೊದಲು ಮೆಂತ್ಯ ಹಾಕಲು ಹೇಳಬೇಕು. ಅದು ಯಾರನ್ನೂ ನಿರಾಸೆಗೊಳಿಸುವುದಿಲ್ಲ.

ಕೊತ್ತಂಬರಿಯ ಗುಣ ಬೇರೆ. ನಾವು ಬೀಜ ಅನ್ನುವ ಧನಿಯದ ಕಾಳಿನೊಳಗೆ ಎರಡು ಬೀಜ ಇರುತ್ತವೆ. ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ ಅದನ್ನು ಎರಡು ಹೋಳಾಗಿಸಿ ಬಿತ್ತಬೇಕು. ತಲೆ ಎತ್ತಲು ಎಂಟು ಹತ್ತು ದಿನ ಬೇಕು. ಏಳನೆಯ ದಿನ ಬಳಕೆದಾರರಿಗೆ ಮಣ್ಣು ಕೆದಕಿ ನೋಡುವ ಆಸೆ ಹುಟ್ಟುತ್ತದೆ. ಕೆದಕಬೇಡಿ. ನಾನು ಕೆದಕಿದ್ದೇನೆ, ಅಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ, ಕೆದಕಿದ ಮೇಲಂತೂ ಇರುವುದೇ ಇಲ್ಲ.

ದಂಟಿನ ಬೀಜ ಗಸಗಸೆಯಷ್ಟಿರುತ್ತದೆ. ಹಾಗೇ ಚೆಲ್ಲಿದರೆ ಒಂದೇ ಕಡೆ ಜಾತ್ರೆ ಸೇರುತ್ತದೆ, ಮರಳಿನಲ್ಲಿ ಬೆರೆಸಿ ಚೆಲ್ಲಿ. ಟೊಮೆಟೊಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿ ಒಳ್ಳೆಯದು. ಎಲೆ ಮುದುಡುವ ನಂಜುರೋಗ, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ, ಮೂರನ್ನೂ ತಡೆಯುವ ಶಕ್ತಿ ಅದಕ್ಕಿದೆ. ಆದರೆ ಅದು ಸಂಕರಣ ತಳಿ. ಅದರ ಹಣ್ಣಿನ ಬೀಜ ಒಣಗಿಸಿ ಮುಂದಿನ ವರ್ಷಕ್ಕೆ ಇಟ್ಟರೆ ಮಕ್ಕಳು ತಾಯಿಯನ್ನು ಹೋಲುವ ಖಾತ್ರಿ ಇಲ್ಲ.

ಇದರ ಜೊತೆಗೆ ಪ್ರತಿಯೊಬ್ಬ ಹೊಸ ಬಳಕೆದಾರನೂ ಲೆಟಿಸ್, ಕೇಲ್, ಬೆಸಿಲ್ ಎಂಬ ಮೂರು ಪೊಟ್ಟಣ ಕೊಳ್ಳುತ್ತಾನೆ. ತಡೆದು ಪ್ರಯೋಜನವಿಲ್ಲ. ಕೊಳ್ಳಿ.

ಹಂತ 4: ನೀರು

ತೋರುಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತೇವ ತಗುಲಿದರೆ ನೀರು ಬೇಡ. ಈ ನಿಯಮ ಓದಿದವರೆಲ್ಲ ಒಪ್ಪುತ್ತಾರೆ, ಯಾರೂ ಪಾಲಿಸುವುದಿಲ್ಲ. ನೀರು ಸಾಲದಿದ್ದರೂ ಗಿಡ ಬಾಡುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಬಾಡುತ್ತದೆ. ಎರಡಕ್ಕೂ ನಾವು ಮಾಡುವುದು ಒಂದೇ: ಇನ್ನೊಂದು ಚೊಂಬು ನೀರು.

ಬೆಂಗಳೂರಿನ ಬಳಕೆದಾರರಿಗೆ ವಿಶೇಷ ಸೂಚನೆ. 2024ರ ಮಾರ್ಚ್‌ನ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಆಗ ನಮ್ಮ ತೋಟ ಬದುಕಿದ್ದು ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿನಲ್ಲಿ. ಅಂದಿನಿಂದ ಮನೆಯಲ್ಲಿ ಚಪಾತಿ ಮಾಡಿದ ದಿನ ಬದನೆ ಗಿಡ ನನ್ನ ಕಡೆ ನೋಡುವ ರೀತಿಯೇ ಬೇರೆ.

ಹಂತ 5: ಹೀರೆಬಳ್ಳಿಯ ಲಗ್ನ

ಹೀರೆಬಳ್ಳಿಯಲ್ಲಿ ಮೊದಲು ಬರುವುದೆಲ್ಲ ಗಂಡು ಹೂವು. ಗೊಂಚಲು ಗೊಂಚಲಾಗಿ ಬರುತ್ತವೆ, ಅರಳುತ್ತವೆ, ಕೆಲಸವಿಲ್ಲದೆ ಉದುರುತ್ತವೆ. ಗಾಬರಿ ಬೇಡ. ವಾರ, ಹತ್ತು ದಿನದ ಮೇಲೆ ಹೆಣ್ಣು ಹೂವು ಬರುತ್ತದೆ. ಗುರುತು ಸುಲಭ: ದಳಗಳ ಹಿಂದೆ ಕಿರುಬೆರಳಷ್ಟು ಉದ್ದದ, ಗೆರೆ ಗೆರೆಯ ಹೀರೆಪಿಂದೆ ಆಗಲೇ ಇರುತ್ತದೆ. ಗಂಡು ಹೂವಿನ ಹಿಂದೆ ಬರೀ ತೊಟ್ಟು.

ಹೀರೆ ಹೂವು ಅರಳುವುದು ಸಂಜೆ. ಮೂರನೆಯ ಮಹಡಿಗೆ ದುಂಬಿ ಬರದಿದ್ದರೆ ಪುರೋಹಿತರು ನೀವೇ. ಮುಹೂರ್ತ ಗೋಧೂಳಿ ಲಗ್ನ. ಗಂಡು ಹೂವೊಂದನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಹೃದಯಕ್ಕೆ ಮೆಲ್ಲಗೆ ಸವರಿ. ಕೂಡಿಬಂದರೆ ನಾಲ್ಕು ದಿನಕ್ಕೆ ಪಿಂದೆ ಉದ್ದವಾಗುತ್ತದೆ. ಇಲ್ಲದಿದ್ದರೆ ಹಳದಿಯಾಗಿ ಬೀಳುತ್ತದೆ.

ನಾನು ಬಾಯಲ್ಲಿ ಮೊಬೈಲ್ ಕಚ್ಚಿ, ಅದರ ಟಾರ್ಚ್ ಬೆಳಕಿನಲ್ಲಿ ಈ ಕಾರ್ಯ ನಡೆಸುತ್ತಿದ್ದಾಗ ಪಕ್ಕದ ತಾರಸಿಯ ಹಿರಿಯರು ಕೇಳಿದರು:

“ಏನ್ ಸ್ವಾಮಿ, ಕತ್ತಲಲ್ಲಿ ಏನ್ ಹುಡುಕ್ತಿದ್ದೀರಿ?”

“ಗಂಡು ಸಾರ್.”

ಅವರು ಆಮೇಲೆ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಹಾಗಾಗಿ ಬಾಯಿಂದ ಮೊಬೈಲ್ ತೆಗೆದು, ಪೂರ್ತಿ ವಾಕ್ಯದಲ್ಲಿ ಉತ್ತರಿಸಿ.

ಹಂತ 6: ಕೊಯ್ಲು

ಬೆಂಡೆಗಿಡ ನಲವತ್ತು ನಲವತ್ತೈದು ದಿನಕ್ಕೆ ಹೂ ಬಿಟ್ಟು, ಆಮೇಲೆ ಎರಡು ದಿನಕ್ಕೊಂದರಂತೆ ಕಾಯಿ ಕೊಡುತ್ತದೆ. ನಾಲ್ಕು ಗಿಡಕ್ಕೆ ಎರಡು ದಿನದಲ್ಲಿ ನಾಲ್ಕು ಕಾಯಿ. ಮನೆಯಲ್ಲಿ ನಾಲ್ಕು ಜನ. ಪಲ್ಯಕ್ಕೆ ಕೋರಂ ಆಗುವುದಿಲ್ಲ. ಕಾಯಿಗಳನ್ನು ಫ್ರಿಜ್ಜಿನಲ್ಲಿ ಇಟ್ಟು ಸದಸ್ಯರ ಸಂಖ್ಯೆ ಹೆಚ್ಚಲೆಂದು ಕಾಯುತ್ತೇವೆ. ಕೊನೆಯ ಸದಸ್ಯ ಬಂದು ಸೇರುವ ಹೊತ್ತಿಗೆ ಮೊದಲನೆಯವನು ನಾರಾಗಿ ರಾಜೀನಾಮೆ ಕೊಟ್ಟಿರುತ್ತಾನೆ.

“ರೀ, ಐದು ಬೆಂಡೆಕಾಯಿ ಇಟ್ಕೊಂಡು ನಾನೇನ್ ಮಾಡ್ಲಿ? ಆರತಿ ಎತ್ಲಾ?” ಎಂದು ಮನೆಯಾಕೆ ಕೇಳಿದರೆ ಮೌನ ವಹಿಸಿ.

ಲೆಕ್ಕ ಬರೆಯುವ ಅಭ್ಯಾಸ ಇದ್ದರೆ ಈಗಲೇ ಬಿಟ್ಟುಬಿಡಿ. ನಾನು ಬರೆದೆ. ಚೀಲ, ಮಣ್ಣು, ಗೊಬ್ಬರ, ಬೀಜ, ಆಟೋ ಬಾಡಿಗೆ ಸೇರಿ ಮೊದಲ ಸಾಲಿನ ಖರ್ಚು 4,200 ರೂಪಾಯಿ. ಬಂದ ಟೊಮೆಟೊ 1 ಕಿಲೋ 400 ಗ್ರಾಂ. ಅಂದರೆ ಕಿಲೋಗೆ 3,000 ರೂಪಾಯಿ. ನೂರು ರೂಪಾಯಿಯ ಟೊಮೆಟೊ ದುಬಾರಿಯೆಂದು ತೋಟ ಶುರು ಮಾಡಿದವನ ಲೆಕ್ಕ ಇದು.

ದೋಷ ಪತ್ತೆ ಮತ್ತು ಪರಿಹಾರ

ತೊಂದರೆ: ಎಲೆಯ ಮೇಲೆ ಯಾರೋ ಬಿಳಿ ಗೆರೆಯಲ್ಲಿ ರಂಗೋಲಿ ಬಿಟ್ಟಿದ್ದಾರೆ.
ಕಾರಣ: ರಂಗೋಲಿ ಹುಳು. ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆಯುತ್ತ ಹೋಗುತ್ತದೆ.
ಪರಿಹಾರ: ಆ ಎಲೆ ಕಿತ್ತು ಹಾಕಿ. ಮೆಚ್ಚಿ ಫೋಟೊ ತೆಗೆಯಬೇಡಿ.

ತೊಂದರೆ: ಕಾಂಡದ ಮೇಲೆ ಬಿಳಿ ಹತ್ತಿ ಅಂಟಿದಂತಿದೆ, ಇರುವೆ ಓಡಾಡುತ್ತಿದೆ.
ಕಾರಣ: ಹಿಟ್ಟು ತಿಗಣೆ. ಅದು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಹಸು ಸಾಕಿದಂತೆ ಸಾಕುತ್ತವೆ. ನಿಮ್ಮ ತೋಟದಲ್ಲಿ ಲಾಭದಲ್ಲಿರುವ ಏಕೈಕ ಹೈನುಗಾರಿಕೆ ಇದು.
ಪರಿಹಾರ: ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು. ಸಂಜೆ ಹೊತ್ತು ಸಿಂಪಡಿಸಿ. ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯ ಗುಲಗಂಜಿ ಹುಳು ಕಂಡರೆ ಕೈ ಮುಗಿದು ಬಿಟ್ಟುಬಿಡಿ; ಅದು ಗಿಡದ ಹೇನನ್ನು ತಿನ್ನುವ ನೆಂಟ.

ತೊಂದರೆ: ಟೊಮೆಟೊ ಹಣ್ಣಿನ ತಳ ಕಪ್ಪಾಗಿ ಗುಳಿ ಬಿದ್ದಿದೆ.
ಕಾರಣ: ಕಾಯಿಗೆ ಸುಣ್ಣದಂಶ ತಲುಪಿಲ್ಲ. ಹೆಚ್ಚಿನ ಸಲ ಮಣ್ಣಿನಲ್ಲಿ ಸುಣ್ಣ ಇರುತ್ತದೆ. ಒಂದು ದಿನ ಕೆರೆ, ನಾಲ್ಕು ದಿನ ಬರ ಎಂಬಂತೆ ನೀರು ಹಾಕಿದ್ದರಿಂದ ಅದು ಮೇಲೆ ಹತ್ತಿಲ್ಲ.
ಪರಿಹಾರ: ನೀರು ಒಂದೇ ಸಮ ಇರಲಿ. ಮೊಟ್ಟೆಯ ಸಿಪ್ಪೆ ಕರಗಲು ತಿಂಗಳುಗಟ್ಟಲೆ ಬೇಕು, ಈ ಹಣ್ಣಿಗೆ ಅದು ಆಗಿಬರುವುದಿಲ್ಲ.

ತೊಂದರೆ: ಗಿಡ ದಟ್ಟ ಹಸಿರಾಗಿ ಕೊಬ್ಬಿದೆ, ಹೂವೇ ಇಲ್ಲ.
ಕಾರಣ: ಸಾರಜನಕ ಹೆಚ್ಚು, ಬಿಸಿಲು ಕಡಿಮೆ.
ಪರಿಹಾರ: ಗೊಬ್ಬರ ನಿಲ್ಲಿಸಿ. ಕೂಡಿಹಾಕಿ ತುಪ್ಪ ತಿನ್ನಿಸಿದರೆ ಯಾರು ತಾನೇ ಕೆಲಸ ಮಾಡುತ್ತಾರೆ?

ತೊಂದರೆ: ನಾಳೆ ಕೀಳೋಣವೆಂದುಕೊಂಡ ಹಣ್ಣು ಅರ್ಧ ಇದೆ.
ಕಾರಣ: ಅಳಿಲು. ಅದಕ್ಕೂ ನಾಳೆ ಕೀಳೋಣ ಅನ್ನಿಸಿತ್ತು, ಆದರೆ ಅದು ಬೇಗ ಏಳುತ್ತದೆ.
ಪರಿಹಾರ: ಬಣ್ಣ ತಿರುಗಿದ ಕೂಡಲೇ ಕಿತ್ತು ಮನೆಯೊಳಗೆ ಹಣ್ಣಾಗಲು ಬಿಡಿ.

ಹಂತ 7: ಕಳೆ ತೆಗೆಯುವುದು

ನೀವು ಬಿತ್ತದೆ ಹುಟ್ಟಿದ್ದೆಲ್ಲ ಕಳೆ. ವಾರಕ್ಕೊಮ್ಮೆ ಬೇರುಸಹಿತ ಕೀಳಿ.

ಈ ಹಂತ ಬರೆದು ಮುಗಿಸಿದ್ದೆ. ಅಷ್ಟರಲ್ಲಿ ಮಳವಳ್ಳಿ ಕಡೆಯ ನಮ್ಮೂರಿನಿಂದ ಅವ್ವ ಬಂದಳು. ಮೊಣಕಾಲು ಹಿಡಿದುಕೊಂಡು ತಾರಸಿ ಹತ್ತಿ ಬಂದವಳಿಗೆ ನಾನು ಹೆಮ್ಮೆಯಿಂದ ಒಂದೊಂದೇ ಚೀಲ ತೋರಿಸಿದೆ. ಲೆಟಿಸ್ ನೋಡಿದಳು, ಏನೂ ಅನ್ನಲಿಲ್ಲ. ಎಂಬತ್ತು ರೂಪಾಯಿ ಕೊಟ್ಟು ತಂದ ಬೆಸಿಲ್‌ನ ಎಲೆ ಉಜ್ಜಿ ಮೂಸಿದಳು.

“ಕಾಮಕಸ್ತೂರಿ ಅಲ್ವೇನ್ಲಾ ಇದು? ಇದ್ಕೂ ದುಡ್ಡು ಕೊಟ್ಟಾ?”

ಆಮೇಲೆ ಅವಳ ಕಣ್ಣು ನನ್ನ ಕಾಲ ಬುಡದಲ್ಲಿದ್ದ ರಾಶಿಯ ಮೇಲೆ ಬಿತ್ತು. ಆ ಬೆಳಿಗ್ಗೆ ಚೀಲಗಳಿಂದ ಕಿತ್ತು ಹಾಕಿದ ಕಳೆ. ಕೂತು ಒಂದೊಂದನ್ನೇ ಬೇರೆ ಮಾಡಿದಳು. ನೆಲಕ್ಕೆ ತಬ್ಬಿ ಹಬ್ಬುವ, ಗೆಣ್ಣುಗೆಣ್ಣಿಗೆ ಬಿಳಿ ಗುಂಡಿಯಂಥ ಹೂವಿನದು ಹೊನಗೊನ್ನೆ. ನಕ್ಷತ್ರದಂಥ ಸಣ್ಣ ಬಿಳಿ ಹೂವು, ಮೆಣಸಿನಕಾಳಿನಂಥ ಕಾಯಿಯದು ಗಣಿಕೆ. ತುದಿಯಲ್ಲಿ ತಿಳಿಗುಲಾಬಿ ತೆನೆಯದು ಅಣ್ಣೆ. ಹೆಸರು ಹೇಳುತ್ತ ಹೇಳುತ್ತ ಸೆರಗಿಗೆ ಹಾಕಿಕೊಂಡಳು.

“ಸಾರಿಗಾಗೋದ್ನೆಲ್ಲ ಕಿತ್ತೆಸ್ದು, ಹುಲ್ಗೆ ನೀರ್ ಹಾಕ್ಕೊಂಡ್ ಕುಂತಿದ್ದೀಯಲ್ಲೋ!”

“ಅದು ಕಳೆ ಕಣವ್ವ.”

“ಕಳೆನೋ ಬೆಳೆನೋ, ಒಲೆ ಮ್ಯಾಲಿಟ್ಟಾಗ ಗೊತ್ತಾಯ್ತದೆ ಬಾ.”

ರಾಶಿ ಸಾಲದೆ ಆಕೆ ಮೂಲೆಗೆ ಹೋದಳು. ನಾವು ಮರೆತಿದ್ದ ಒಡೆದ ಬಕೆಟ್ಟಿನಲ್ಲಿ, ಯಾರೂ ಬಿತ್ತದೆ, ಯಾರೂ ನೀರು ಹಾಕದೆ, ಹೊನಗೊನ್ನೆ ಅಂಚು ದಾಟಿ ಕೆಳಗಿಳಿದಿತ್ತು. ಬೇರಿಗೆ ಕೈ ಹಾಕಲಿಲ್ಲ. ಉಗುರಿನಲ್ಲಿ ಕುಡಿ ಮಾತ್ರ ಚಟಚಟನೆ ಚಿವುಟಿದಳು. “ಬೇರ್ ಬುಟ್ರೆ ಮುಂದಿನ್ ವಾರ ಮತ್ತೆ ಕೊಡ್ತದೆ” ಅಂದಳು.

ಸೇವಿಸುವ ಕ್ರಮ

ಅವ್ವ ಮಾಡಿದ್ದು ಬಸ್ಸಾರು. ತೊಗರಿಬೇಳೆಯ ಜೊತೆ ಬೆರಕೆ ಸೊಪ್ಪು ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಸಾರು, ಬಸಿದುಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟು ಪಲ್ಯ. ಈ ಕೈಪಿಡಿಗಾಗಿ ನಾನು ಓದಿಕೊಂಡಿದ್ದ ಪೌಷ್ಟಿಕತೆಯ ಪಾಠವೆಲ್ಲ ಆ ಒಂದು ಪಾತ್ರೆಯಲ್ಲಿತ್ತು. ಬೇಯಿಸುವಾಗ ಸೊಪ್ಪಿನ ಫೋಲೇಟ್‌ನಂಥ ಜೀವಸತ್ವಗಳು ನೀರಿಗೆ ಇಳಿಯುತ್ತವೆ. ಆ ನೀರನ್ನು ಚೆಲ್ಲಿದರೆ ಅವೂ ಚರಂಡಿಪಾಲು. ಬಸ್ಸಾರಿನಲ್ಲಿ ಅದು ಮುದ್ದೆಯ ಪಕ್ಕಕ್ಕೇ ಬರುತ್ತದೆ. ಸೊಪ್ಪಿನ ಬೀಟಾ ಕ್ಯಾರೊಟಿನ್ ಮೈಗೆ ಹತ್ತಿ ‘ಎ’ ಜೀವಸತ್ವವಾಗಲು ಜೊತೆಗೆ ಒಂದಿಷ್ಟು ಜಿಡ್ಡು ಬೇಕು. ಒಗ್ಗರಣೆ ಅದಕ್ಕೇ ಇದೆ. ಸೊಪ್ಪಿನ ಕಬ್ಬಿಣ ಸುಲಭಕ್ಕೆ ಒಗ್ಗುವುದಿಲ್ಲ, ಹುಳಿ ಜೊತೆಗಿದ್ದರೆ ಒಗ್ಗುತ್ತದೆ. ನಿಂಬೆಹೋಳು ತಟ್ಟೆಯ ಅಂಚಿನಲ್ಲಿತ್ತು. ಊಟದ ಮೇಲೆ ತಕ್ಷಣ ಕಾಫಿ ಕುಡಿದರೆ ಆ ಕಬ್ಬಿಣಕ್ಕೆ ಅಡ್ಡಿ. ಈ ಒಂದು ಪಾಠ ಮಾತ್ರ ಅವ್ವನಿಗೂ ನನಗೂ ಹಿಡಿಸಲಿಲ್ಲ.

ಮಿತಿ ಮೀರಬೇಡಿ. ನಮ್ಮಲ್ಲಿ ‘ವಿಟಮಿನ್ ಸೊಪ್ಪು’ ಎಂದು ಕುಂಡಕ್ಕೊಂದು ನೆಡುವ ಚಕ್ರಮುನಿ ಸೊಪ್ಪನ್ನು 1990ರ ದಶಕದ ನಡುವೆ ತೈವಾನ್‌ನಲ್ಲಿ ತೂಕ ಇಳಿಸಲೆಂದು ಹಸಿಯಾಗಿ ಅರೆದು, ರಸ ಮಾಡಿ ದಿನವೂ ಕುಡಿದವರಲ್ಲಿ ಅನೇಕರ ಶ್ವಾಸಕೋಶವೇ ಕೆಟ್ಟಿತು. ಅದೇ ಸೊಪ್ಪನ್ನು ನಾವು ಹಿಡಿಯಷ್ಟು ಬೇಯಿಸಿ ಪಲ್ಯ ಮಾಡಿಕೊಂಡು ಸುಖವಾಗಿದ್ದೇವೆ. ಔಷಧಿಯೆಂದು ಕುಡಿಯಬೇಡಿ, ಊಟವೆಂದು ಉಣ್ಣಿ. ದೊಡ್ಡಪತ್ರೆ, ಒಂದೆಲಗಕ್ಕೂ ತಂಬುಳಿಯೇ ಸರಿಯಾದ ಅಳತೆ. ಗಣಿಕೆಯ ಹಸಿರು ಕಾಯಿ ವಿಷ. ಕುಡಿ ಮಾತ್ರ ಬಳಸಿ. ಗುರುತು ಸಿಗದ ಸೊಪ್ಪು ಎಷ್ಟೇ ಚೆಂದವಿದ್ದರೂ ಪಾತ್ರೆಗೆ ಬೇಡ.

ವಾರಂಟಿ

ಈ ತೋಟದಿಂದ ನಿಮ್ಮ ತರಕಾರಿ ಖರ್ಚು ಇಳಿಯುತ್ತದೆಂಬ ಭರವಸೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಬೇಕೆನ್ನುತ್ತದೆ. ನಾಲ್ಕು ಜನರಿಗೆ ಅದು ಒಂದೂವರೆ ಕಿಲೋ ದಾಟುತ್ತದೆ. ಹನ್ನೆರಡು ಚೀಲ ಅಷ್ಟು ಕೊಡುವುದಿಲ್ಲ. ತರಕಾರಿ ಗಾಡಿಯವನ ಸ್ನೇಹ ಕಳೆದುಕೊಳ್ಳಬೇಡಿ. ಕಾಯಿಗೆ ಅವನು, ಸೊಪ್ಪಿಗೆ ತಾರಸಿ ಎಂದು ಹಂಚಿಕೊಂಡರೆ ಇಬ್ಬರಿಗೂ ಕ್ಷೇಮ. ಸೊಪ್ಪಿಗೆ ಆರಿಂಚು ಮಣ್ಣು ಸಾಕು, ಬಿಸಿಲು ಕಡಿಮೆ ಸಾಕು, ತಿಂಗಳಲ್ಲಿ ಕೈಗೆ ಬರುತ್ತದೆ, ಕಿತ್ತ ಹತ್ತು ನಿಮಿಷಕ್ಕೆ ಒಲೆಯ ಮೇಲಿರುತ್ತದೆ. ಯಾವ ಅಂಗಡಿಯೂ ಅಷ್ಟು ತಾಜಾ ಕೊಡಲಾರದು.

ಹಂತ 7ನ್ನು ಹೀಗೆ ತಿದ್ದಿ ಓದಿಕೊಳ್ಳಿ: ಬಿತ್ತದೆ ಹುಟ್ಟಿದ್ದನ್ನು ಕೀಳುವ ಮುಂಚೆ, ಮನೆಯಲ್ಲಿ ಹಿರಿಯರಿದ್ದರೆ ಕೈ ಹಿಡಿದು ತಾರಸಿಗೆ ಕರೆತಂದು ಒಮ್ಮೆ ತೋರಿಸಿ. ಅವರು ಹೇಳುವ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಲೆಟಿಸ್ ಬೀಜ ಯಾವಾಗ ಬೇಕಾದರೂ ಅಂಗಡಿಯಲ್ಲಿ ಸಿಗುತ್ತದೆ.